ಬ್ರೇಕ್ ಪ್ಯಾಡ್ ಹಾಕಿದ ಮೇಲಿನ ಕೆಲಸ

ನನ್ನ ಕಾರಿನ ಬ್ರೇಕ್ ಪ್ಯಾಡ್ ನಾನೇ ಬದಲಿಸುತ್ತೇನೆ. ಅಂಥ ಕಷ್ಟದ ಕೆಲಸವೇನಲ್ಲ. ಚಕ್ರ ಬಿಚ್ಚಿ, ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಎತ್ತಿ, ಹಳೇ ಪ್ಯಾಡ್ ತೆಗೆದು, ಕ್ಯಾಲಿಪರ್ ಒಳಗಿನ ಪಿಸ್ಟನ್ ಹಿಂದಕ್ಕೆ ಒತ್ತಿ, ಹೊಸದು ಕೂರಿಸಿದರೆ ಆಯ್ತು. ಆದರೆ ಅದನ್ನೆಲ್ಲ ಮತ್ತೆ ನೋಡುವುದಕ್ಕೂ ನಾನು ಹೆಚ್ಚುಕಡಿಮೆ ಅಷ್ಟೇ ಹೊತ್ತು ಇಟ್ಟುಕೊಳ್ಳುತ್ತೇನೆ. ಸಂಜೆ ಆಗಿದ್ದರೆ, ಸುಸ್ತಾಗಿದ್ದರೆ, ಕಾರನ್ನು ಸ್ಟ್ಯಾಂಡ್ ಮೇಲೆ ಹಾಗೇ ಬಿಟ್ಟು ಬೆಳಿಗ್ಗೆ ನೋಡುತ್ತೇನೆ.

ಬೋಲ್ಟನ್ನು ಕೈಯಲ್ಲೇ ತಿರುಗಿಸಿ, ‘ಆಮೇಲೆ ಟೈಟ್ ಮಾಡೋಣ’ ಅಂದುಕೊಂಡಿರುತ್ತೇವೆ. ಅಷ್ಟರಲ್ಲಿ ಫೋನ್ ಬರುತ್ತದೆ. ಮಾತು ಮುಗಿಸಿ ಬಂದಾಗ ಟೈಟ್ ಮಾಡಿದ ಹಾಗೇ ನೆನಪಿರುತ್ತದೆ, ಅಲ್ವಾ? ಅದಕ್ಕೆ ನಾನು ಪೇಂಟ್ ಪೆನ್ ಜೇಬಲ್ಲೇ ಇಟ್ಟುಕೊಂಡಿರುತ್ತೇನೆ. ಟಾರ್ಕ್ ವ್ರೆಂಚ್ (ಬೇಕಾದಷ್ಟು ಬಿಗಿಯಾದಾಗ ಸದ್ದು ಮಾಡುವ ಪಾನಾ) ‘ಟಕ್’ ಅಂದ ಕೂಡಲೇ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಬಿಳಿ ಗೆರೆ. ಗೆರೆ ಇಲ್ಲದ ಬೋಲ್ಟ್ ಇನ್ನೂ ಮುಗಿದಿಲ್ಲ ಅಂತ ಲೆಕ್ಕ. ಮುಂದೆ ಬೋಲ್ಟ್ ಸಡಿಲವಾಗಿ ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಎಷ್ಟು ಬಿಗಿ ಅನ್ನುವುದು ಆಯಾ ಕಾರಿನ ಸರ್ವಿಸ್ ಮ್ಯಾನುವಲ್‌ನಲ್ಲಿರುತ್ತದೆ. ಅನೇಕ ಕಾರುಗಳಲ್ಲಿ ಕ್ಯಾಲಿಪರ್ ಜಾರುವ ಪಿನ್ನಿನ ಚಿಕ್ಕ ಬೋಲ್ಟಿಗೆ 25ರಿಂದ 35 ನ್ಯೂಟನ್ ಮೀಟರ್ ಸಾಕು, ಕ್ಯಾಲಿಪರನ್ನು ಹೊತ್ತ ಬ್ರ್ಯಾಕೆಟ್ ಬೋಲ್ಟಿಗೆ 100ರ ಆಸುಪಾಸು ಬೇಕು. ಎರಡಕ್ಕೂ ಒಂದೇ ಜೋರು ಹಾಕಿದರೆ ಚಿಕ್ಕದರ ಥ್ರೆಡ್ ಹಾಳಾಗುತ್ತದೆ.

ಚಕ್ರ ಹಾಕುವ ಮುಂಚೆ ಟಾರ್ಚ್ ಹಿಡಿದು, ಕೊನೆಗೆ ಮಾಡಿದ ಕಡೆಯಿಂದ ಹಿಂದಕ್ಕೆ ನೋಡುತ್ತಾ ಬರುತ್ತೇನೆ. ಕೆಲಸ ಮಾಡಿದ ಕ್ರಮದಲ್ಲೇ ನೋಡಿದರೆ ಕಣ್ಣು ಸುಮ್ನೆ ಜಾರಿಕೊಂಡು ಹೋಗುತ್ತದೆ. ಪ್ಯಾಡಿನ ಉಜ್ಜುವ ಮುಖ ಡಿಸ್ಕ್ ಕಡೆಗೇ ಇದೆಯಾ? ನಗಬೇಡಿ, ಉಲ್ಟಾ ಹಾಕುವವರೂ ಇದ್ದಾರೆ. ಡಿಸ್ಕ್ ಮೇಲೆ ಗ್ರೀಸ್ ಕೈ ತಾಗಿದೆಯಾ? ತಾಗಿದ್ದರೆ ಬ್ರೇಕ್ ಕ್ಲೀನರ್‌ನಲ್ಲಿ ಒರೆಸುತ್ತೇನೆ. ಮುಂದಿನ ಚಕ್ರವಾದರೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್ ತಿರುಚಿಕೊಂಡಿದೆಯಾ, ಎಲ್ಲಾದರೂ ಉಜ್ಜುತ್ತಿದೆಯಾ ಅಂತ ನೋಡುತ್ತೇನೆ.

ಇನ್ನು ಪೆಡಲ್. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪಿಸ್ಟನ್ ಒಳಗೆ ಒತ್ತಿರುವುದರಿಂದ ಪ್ಯಾಡಿಗೂ ಡಿಸ್ಕಿಗೂ ನಡುವೆ ಜಾಗ ಇರುತ್ತದೆ. ಮೊದಲ ಸಲ ತುಳಿದರೆ ಪೆಡಲ್ ಬಹುತೇಕ ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹಾಗೇ ಗೇರ್ ಹಾಕಿ ಹೊರಟವರಿಗೆ ಗೋಡೆಯೇ ಬ್ರೇಕ್. ಆದ್ದರಿಂದ ಎಂಜಿನ್ ಶುರು ಮಾಡುವ ಮುಂಚೆಯೇ ಪೆಡಲ್ ಗಟ್ಟಿಯಾಗುವವರೆಗೆ ನಿಧಾನವಾಗಿ ತುಳಿಯುತ್ತೇನೆ. ಆಮೇಲೆ ಪೆಡಲ್ ಒತ್ತಿಕೊಂಡೇ ಎಂಜಿನ್ ಸ್ಟಾರ್ಟ್. ಆಗ ಪೆಡಲ್ ಚೂರು ಕೆಳಗೆ ಹೋಗುತ್ತದೆ. ಅದು ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಕೆಲಸ, ಗಾಬರಿ ಬೇಡ. ಹಾಗೇ ಒಂದು ನಿಮಿಷ ಜೋರಾಗಿ ಒತ್ತಿ ಹಿಡಿಯುತ್ತೇನೆ. ಕಾಲ ಕೆಳಗೆ ಮೆಲ್ಲಗೆ ಇಳಿಯುತ್ತಲೇ ಹೋದರೆ ಎಲ್ಲೋ ಆಯಿಲ್ ಸೋರುತ್ತಿರಬಹುದು, ಅಥವಾ ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿರಬಹುದು. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಬ್ರೇಕ್ ಆಯಿಲ್‌ನಲ್ಲಿ ಗಾಳಿ ಸೇರಿರಬಹುದು. ಎರಡರಲ್ಲಿ ಯಾವುದಿದ್ದರೂ ಕಾರು ಕದಲುವುದಿಲ್ಲ, ಮೆಕ್ಯಾನಿಕ್ಕೇ ಇಲ್ಲಿಗೆ ಬರಬೇಕು.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಬೇಕು. ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ ಒಳಗೇ ಉಳಿದು ಮಟ್ಟ ಮೇಲೇರಿರುತ್ತದೆ. ಮ್ಯಾಕ್ಸ್ ಗೆರೆ ದಾಟಿದ್ದರೆ ಸ್ವಲ್ಪ ಹೀರಿ ತೆಗೆಯುತ್ತೇನೆ. ಬಾಡಿ ಮೇಲೆ ಚೆಲ್ಲಿದರೆ ಪೇಂಟ್ ಎದ್ದುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು.

ವೀಲ್ ನಟ್‌ಗಳನ್ನು ಕಾರು ನೆಲಕ್ಕೆ ಇಳಿದ ಮೇಲೆ, ಎದುರು ಬದುರಾಗಿ ಬಿಗಿ ಮಾಡುತ್ತೇನೆ. ಮೊದಲ ಓಡಾಟ ಸಮತಟ್ಟಾದ ಖಾಲಿ ಜಾಗದಲ್ಲಿ, ನಡೆಯುವಷ್ಟೇ ವೇಗದಲ್ಲಿ, ಕೈ ಹ್ಯಾಂಡ್‌ಬ್ರೇಕ್ ಮೇಲೆ. ಅದು ಸರಿ ಅನಿಸಿದರೆ ಮಾತ್ರ ರಸ್ತೆ. ವಾಪಸ್ ಬಂದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ತರುತ್ತೇನೆ. ಮುಟ್ಟುವುದಿಲ್ಲ, ಸುಡುತ್ತದೆ. ಮುಂದಿನವು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಮುಂದಿನ ಎರಡರಲ್ಲೇ ಒಂದು ತೀರಾ ಜಾಸ್ತಿ ಕಾದಿದ್ದರೆ ಆ ಕಡೆ ಪಿನ್ನೋ ಪಿಸ್ಟನ್ನೋ ಕಚ್ಚಿಕೊಂಡಿರುವ ಸಾಧ್ಯತೆ ಹೆಚ್ಚು, ಮತ್ತೆ ಬಿಚ್ಚಲೇಬೇಕು. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ವೀಲ್ ನಟ್‌ಗಳಿಗೆ ಟಾರ್ಕ್ ವ್ರೆಂಚ್ ಇನ್ನೊಮ್ಮೆ ಹಾಕಿ, ಬ್ರೇಕ್ ಆಯಿಲ್ ಮಟ್ಟ ನೋಡಿ ಬಾನೆಟ್ ಮುಚ್ಚುತ್ತೇನೆ.