ಮರಿ ಕಾಲು ಕೊಡುವವರೆಗೆ ಕತ್ತರಿ ಎತ್ತಬೇಡಿ

ನಾಯಿಗಳ ಕೂದಲು, ಉಗುರು ಕತ್ತರಿಸುವುದು ನನ್ನ ಕಸುಬು. ನನ್ನ ಮೇಜಿನ ಮೇಲೆ ನಿಂತು ಗಡಗಡ ನಡುಗುವ ನಾಯಿಗಳನ್ನು ಗಮನಿಸಿದ್ದೇನೆ: ಎಷ್ಟೋ ನಾಯಿಗಳು ಕತ್ತರಿ ಕಾಣುವ ಮೊದಲೇ, ನಾನು ಪಾದ ಮುಟ್ಟಿದ ಕೂಡಲೇ ಬೆದರುತ್ತವೆ. ಹಾಗಾಗಿ ಮರಿ ಮನೆಗೆ ಬಂದು ಹೊಂದಿಕೊಂಡ ಕೂಡಲೇ ಪಾದದಿಂದ ಶುರು ಮಾಡಿ. ಸುಮಾರು 3ರಿಂದ 14 ವಾರಗಳ ನಡುವಿನ ಮರಿ ಹೊಸದನ್ನು ಸಲೀಸಾಗಿ ಒಪ್ಪುತ್ತದೆ. ಕೂದಲು ಬೆಳೆಯಲಿ, ಆಮೇಲೆ ನೋಡೋಣ ಎನ್ನುವವರು ಆ ಕಾಲವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಭುಜದಿಂದ ಕೈಯನ್ನು ಮೆಲ್ಲಗೆ ಕೆಳಗೆ ಜಾರಿಸಿ, ಪಾದವನ್ನು ಒಂದು ಕ್ಷಣ ಹಿಡಿದು ಬಿಡಿ. ಬಿಟ್ಟ ಮೇಲೆ ತಿನಿಸು ಕೊಡಿ. ಈ ಕ್ರಮ ತಪ್ಪಬಾರದು. ತಿನಿಸು ತೋರಿಸಿ ಕಾಲು ಹಿಡಿಯುವ ಚಾಳಿ ಬಿದ್ದರೆ, ತಿನಿಸು ಕಂಡರೇ ಮರಿ ಮಂಚದಡಿ ಸೇರುವ ದಿನ ದೂರವಿಲ್ಲ. ಒಂದೆರಡು ನಿಮಿಷ ಸಾಕು. ಮರಿಗೆ ಬೇಸರವಾಗುವ ಮೊದಲೇ ನೀವು ನಿಲ್ಲಿಸಬೇಕು. ಆಮೇಲೆ ಬೆರಳುಗಳನ್ನು ಬಿಡಿಸಿ ನೋಡುವುದು, ಉಗುರು ಒತ್ತುವುದು.

ಉಗುರುಕತ್ತರಿಯನ್ನು ನೆಲದ ಮೇಲಿಟ್ಟು ಮೂಸಲು ಬಿಡಿ. ಒಣಕಡ್ಡಿಯೊಂದನ್ನು ಕತ್ತರಿಸಿ ಆ ಟಕ್ ಸದ್ದು ಕೇಳಿಸಿ, ತಿನಿಸು ಕೊಡಿ. ನಿಜವಾಗಿ ಕತ್ತರಿಸುವಾಗ ದಿನಕ್ಕೆ ಒಂದೇ ಉಗುರು, ಅದರ ತುದಿ ಮಾತ್ರ. ಉಗುರಿನೊಳಗೆ ರಕ್ತನಾಳವಿದೆ, ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಕಪ್ಪು ಉಗುರಾದರೆ ತೆಳುವಾಗಿ ಸವರುತ್ತಾ ಹೋಗಿ, ಕತ್ತರಿಸಿದ ಮುಖದ ನಡುವೆ ಗಾಢ ಚುಕ್ಕೆ ಕಂಡಲ್ಲಿ ನಿಲ್ಲಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ. ಮುಂಗಾಲಿನ ಒಳಬದಿಯಲ್ಲಿ ಮೇಲಿರುವ ಉಗುರನ್ನು ಎಲ್ಲರೂ ಮರೆಯುತ್ತಾರೆ. ಅದು ನೆಲಕ್ಕೆ ಉಜ್ಜಿ ಸವೆಯುವುದಿಲ್ಲ. ಬೆಳೆದು ಸುರುಳಿಯಾಗಿ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ.

ಮರಿ ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಕಣ್ಣಂಚಿನ ಬಿಳಿ ತೋರಿಸಿದರೆ, ಅದು ‘ಇನ್ನು ಸಾಕು’ ಎನ್ನುತ್ತಿದೆ ಎಂದರ್ಥ. ಗುರ್ ಎಂದರೆ ಮಾತ್ರ ಖಂಡಿತ ಗದರಬೇಡಿ. ಗುರುಗುಟ್ಟುವುದನ್ನು ಗದರಿ ಬಿಡಿಸಿದ ನಾಯಿ ಮುಂದೆ ಸೂಚನೆ ಕೊಡದೆ ಕಚ್ಚುತ್ತದೆ. ಆ ಕಚ್ಚು ಬೀಳುವುದು ನನ್ನಂಥವರ ಕೈಗೆ.

ಉಳಿದದ್ದೂ ಇದೇ ದಾರಿ. ಬ್ರಷ್‌ನ ಹಿಂಬದಿಯಿಂದ ಮೈ ಸವರಿ, ನಂತರ ಬ್ರಷ್‌ನ ಹಲ್ಲಿರುವ ಬದಿಯಿಂದ ಬಾಚಿ; ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಗಂಟಾಗುತ್ತದೆ, ಅಲ್ಲಿ ಮರೆಯಬೇಡಿ. ಸ್ನಾನಕ್ಕೆ ಕಾಲು ಜಾರದಂತೆ ರಬ್ಬರ್ ಚಾಪೆ, ಉಗುರುಬೆಚ್ಚಗಿನ ನೀರು, ನಾಯಿಗಳದ್ದೇ ಶಾಂಪೂ. ಡ್ರೈಯರ್ ಮೊದಲು ಪಕ್ಕದ ಕೋಣೆಯಲ್ಲಿ ಸದ್ದು ಮಾಡಲಿ. ಕಿವಿಯೊಳಗೆ ಹತ್ತಿಕಡ್ಡಿ ತೂರಿಸಬೇಡಿ.

ನಮ್ಮಂಥವರ ಬಳಿ ಮೊದಲ ಬಾರಿ ಕರೆತಂದಾಗ ಕೂದಲು ಕತ್ತರಿಸಲೇಬೇಕೆಂದು ಹಟ ಹಿಡಿಯಬೇಡಿ. ಮರಿ ಮೇಜಿನ ಮೇಲೆ ನಿಂತು, ಯಂತ್ರದ ಸದ್ದು ಕೇಳಿ, ನಾಲ್ಕು ತುಣುಕು ತಿಂದು ಮನೆಗೆ ಹೋಗಲಿ. ಕತ್ತರಿ ಮುಂದಿನ ಸಲಕ್ಕೆ.