ಬಳ್ಳಾರಿ ಬಿಸಿಲಲ್ಲಿ ಪುಟ್ಟ ಮಿಗ್-21 ಕಟ್ಟುವುದು ಹೇಗೆ

ಮಿಗ್-21 ಯುದ್ಧವಿಮಾನ ನಮ್ಮ ವಾಯುಪಡೆಗೆ ಬಂದಿದ್ದು 1963ರಲ್ಲಿ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಅದಕ್ಕೆ ಬೀಳ್ಕೊಡುಗೆ ಆಯ್ತು. ಅದಾದ ಮೇಲೆ ಮನೆಯಲ್ಲಿ ಅದರ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಒಂದು ಮಾಡಿ ಇಟ್ಟುಕೊಳ್ಳಬೇಕು, ಹೇಗೆ ಶುರು ಮಾಡೋದು ಅಂತ ನನ್ನನ್ನು ಕೇಳುವವರು ಜಾಸ್ತಿ ಆಗಿದ್ದಾರೆ. ಖಂಡಿತ ಮಾಡಿ. ಆದರೆ ಕಿಟ್ (ಜೋಡಿಸುವ ಬಿಡಿ ಭಾಗಗಳ ಡಬ್ಬಿ) ಜೊತೆ ಬರುವ ಸೂಚನೆಗಳು ತಂಪು ಊರುಗಳಿಗೆ ಸರಿ. ನಮ್ಮ ಬಿಸಿಲು, ಧೂಳು, ಬೋರ್ ನೀರಿಗೆ ಕೆಲವು ಬದಲಾವಣೆ ಬೇಕೇ ಬೇಕು.

1/72 ಅಳತೆಯ ಕಿಟ್ ತಗೊಳ್ಳಿ. ನಿಜವಾದ ವಿಮಾನದ ರೆಕ್ಕೆಯಗಲ 7.15 ಮೀಟರ್, ಈ ಅಳತೆಯಲ್ಲಿ ಸುಮಾರು 10 ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ. ಡಬ್ಬಿ ಮೇಲೆ ಯಾವ ಮಾದರಿ ಅಂತ ನೋಡಿ. ಎಫ್‌ಎಲ್ ಮಾದರಿಯ ಬೆನ್ನು ಸಣ್ಣದು, ಬಿಸ್ ಮಾದರಿಯ ಬೆನ್ನು ದಪ್ಪ. ಎರಡೂ ನಮ್ಮಲ್ಲಿ ಹಾರಿವೆ, ಆದರೆ ಒಂದರ ಡಿಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಇನ್ನೊಂದಕ್ಕೆ ಅಂಟಿಸಿದರೆ ಗೊತ್ತಿದ್ದವರಿಗೆ ತಕ್ಷಣ ಕಾಣುತ್ತದೆ.

ಭಾಗಗಳನ್ನು ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆಯಿರಿ, ಅಚ್ಚಿನ ಎಣ್ಣೆ ಹೋಗಬೇಕು. ನೆರಳಲ್ಲೇ ಒಣಗಿಸಿ. ಬೇಗ ಒಣಗಲಿ ಅಂತ ಮಾಳಿಗೆ ಮೇಲೆ ಇಡಬೇಡಿ, ತೆಳು ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಭಾಗಗಳನ್ನು ಕೈಯಲ್ಲಿ ತಿರುಚಿ ಕೀಳಬಾರದು. ಸಣ್ಣ ಕಟರ್‌ನಿಂದ ಸ್ವಲ್ಪ ದೂರದಲ್ಲಿ ಕತ್ತರಿಸಿ, ಉಳಿದ ತುಣುಕನ್ನು ಬ್ಲೇಡ್‌ನಿಂದ ಹೆರೆಯಿರಿ.

ಕಾಕ್‌ಪಿಟ್ಟಿಗೆ ಮೊದಲೇ ಬಣ್ಣ ಹಚ್ಚಿ, ಆಮೇಲೆ ದೇಹದ ಎರಡು ಹೋಳು ಮುಚ್ಚಿ. ಮುಚ್ಚುವ ಮುನ್ನ ಮೂಗಿನಲ್ಲಿ ಭಾರ ಬೇಕಾ ಅಂತ ಸೂಚನೆಯಲ್ಲಿ ನೋಡಿ. ಭಾರ ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂತುಬಿಡುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು, ಡ್ಯಾಂ ಕಡೆ ಹೋದಾಗ ನಾಲ್ಕು ತಂದಿಟ್ಟುಕೊಳ್ಳಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯೋದು ಮರೀಬೇಡಿ.

ಈಗ ಇಡೀ ಕೆಲಸದ ಜೀವಾಳ. ದೇಹ ಉದ್ದನೆಯ ಕೊಳವೆ, ಅಲ್ವಾ? ಎರಡು ಹೋಳು ಸೇರುವ ಗೆರೆ ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಮೂಗಿನಿಂದ ಬಾಲದವರೆಗೆ ಓಡುತ್ತದೆ. ಆ ಗೆರೆ ಕಂಡರೆ ಅದು ಆಟಿಕೆ, ಕಾಣದಿದ್ದರೆ ವಿಮಾನ. ಇದಕ್ಕೆ ತೆಳುವಾದ ಪ್ಲಾಸ್ಟಿಕ್ ಸಿಮೆಂಟೇ ಬೇಕು. ಅದು ಸುಮ್ನೆ ಅಂಟಿಸುವುದಿಲ್ಲ, ಕಿಟ್ಟಿನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನನ್ನೇ ಕರಗಿಸಿ ಬೆಸೆಯುತ್ತದೆ. ಹೋಳುಗಳನ್ನು ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ ದ್ರವ ತಾನೇ ಒಳಗೆ ಓಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒತ್ತಿ. ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಉಬ್ಬಿ ಹೊರಗೆ ಬರಬೇಕು, ಬಂದರೆ ಸಂದಿ ತುಂಬಿದೆ ಅಂತ ಅರ್ಥ. ನಮ್ಮ ಸೆಖೆಯಲ್ಲಿ ಸಿಮೆಂಟ್ ಬೇಗ ಆರುತ್ತದೆ, ಹಾಗಾಗಿ ಒಂದೊಂದು ಇಂಚು ಮಾಡುತ್ತಾ ಹೋಗಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಎರಡು ದಿನ ಮುಟ್ಟಬೇಡಿ. ಆಮೇಲೆ ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್ ತಗೊಂಡು 400ರಿಂದ ಶುರು ಮಾಡಿ 800, 1500 ಅಂತ ನೀರು ಹಚ್ಚಿ ಉಜ್ಜಿ. ಉಗುರು ಎಳೆದರೆ ಎಲ್ಲೂ ತಡೆಯಬಾರದು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಮಾತ್ರ ಹತ್ತಿರ ತರಬೇಡಿ, ಪ್ಲಾಸ್ಟಿಕ್ಕನ್ನೇ ತಿಂದುಬಿಡುತ್ತದೆ.

ರೆಕ್ಕೆ ಅಂಟಿಸಿದ ಮೇಲೆ ಮುಂದಿನಿಂದ ನೋಡಿ. ಮಿಗ್-21ರ ರೆಕ್ಕೆ ನೇರ ಅಲ್ಲ, 2 ಡಿಗ್ರಿಯಷ್ಟು ಕೆಳಗೆ ಬಾಗಿರುತ್ತದೆ. ಎರಡೂ ಕಡೆ ಸಮ ಇರಲಿ.

ಬಣ್ಣಕ್ಕೆ ಬೆಳಗಿನ ಜಾವವೇ ಸರಿ. ಮಧ್ಯಾಹ್ನ ಅಕ್ರಿಲಿಕ್ ಬಣ್ಣ ಕುಂಚದ ಮೇಲೇ ಒಣಗುತ್ತದೆ, ಬಣ್ಣ ಸಿಂಪಡಿಸುವ ಏರ್‌ಬ್ರಶ್ ಆದರೆ ದಾರಿಯಲ್ಲೇ ಒಣಗಿ ರವೆ ರವೆಯಾಗಿ ಬಂದು ಕೂರುತ್ತದೆ. ಬಣ್ಣ ನಿಧಾನವಾಗಿ ಒಣಗುವಂತೆ ಮಾಡುವ ರಿಟಾರ್ಡರ್ ದ್ರವ ಒಂದೆರಡು ಹನಿ ಹಾಕಿ, ತೆಳುವಾಗಿ ಹಲವು ಸಲ ಹಚ್ಚಿ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಮನೆಯಾದರೆ ಕೆಂಪು ಧೂಳು ಎಲ್ಲಿಂದಲೋ ಬಂದೇ ಬರುತ್ತದೆ. ನೆಲ ಒರೆಸಿ, ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆದಿಡಿ, ಆದರೆ ಅದಕ್ಕೆ ಒದ್ದೆ ಬಟ್ಟೆ ಕಟ್ಟಿ. ಹಚ್ಚಿದ ತಕ್ಷಣ ಮಾಡೆಲ್ ಮೇಲೆ ದೊಡ್ಡ ಡಬ್ಬಿ ಬೋರಲು ಹಾಕಿ. ಮೊದಲ ಸಲಕ್ಕೆ ಬೆಳ್ಳಿ ಬಣ್ಣ ಬೇಡ, ಸಣ್ಣ ಗೀರೂ ಎದ್ದು ಕಾಣುತ್ತದೆ. 1971ರ ಯುದ್ಧದ ಹೊತ್ತಿಗೆ ನಮ್ಮ ಮಿಗ್‌ಗಳಿಗೆ ಸ್ಥಳೀಯವಾಗಿಯೇ ಮರೆಮಾಚುವ ಬಣ್ಣ ಬಳಿದಿದ್ದರು, ನೀವೂ ಅದನ್ನೇ ಆರಿಸಿಕೊಳ್ಳಿ.

ಡಿಕಾಲ್‌ಗೆ ಬೋರ್ ನೀರು ಬೇಡವೇ ಬೇಡ. ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ. ಫಿಲ್ಟರ್ ನೀರಿನ ಕ್ಯಾನ್‌ನಿಂದ ಒಂದು ಬಟ್ಟಲು ಸಾಕು. ಮೊದಲು ಹೊಳಪಿನ (ಗ್ಲಾಸಿ) ಲ್ಯಾಕರ್ ಹಚ್ಚಿ ನುಣುಪು ಮಾಡಿ, ಇಲ್ಲದಿದ್ದರೆ ಅಂಚು ಬೆಳ್ಳಗೆ ಕಾಣುತ್ತದೆ. ವಾಯುಪಡೆಯ ಗುಂಡು ಗುರುತಿನಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು.

ಕಾಕ್‌ಪಿಟ್ ಮೇಲಿನ ಪಾರದರ್ಶಕ ಗಾಜಿಗೆ ಫೆವಿಕ್ವಿಕ್ ಬಳಸಬೇಡಿ, ಅದರ ಹೊಗೆಗೆ ಗಾಜು ಮಬ್ಬಾಗುತ್ತದೆ. ಬಿಳಿ ಫೆವಿಕಾಲ್ ಕಡ್ಡಿ ತುದಿಯಲ್ಲಿ ಹಚ್ಚಿ, ಆರಿದಾಗ ಕಾಣುವುದೂ ಇಲ್ಲ. ಮೂಗಿನ ಉದ್ದನೆಯ ಪಿಟೋ ಕೊಳವೆಯನ್ನು (ವಿಮಾನದ ವೇಗ ಅಳೆಯಲು ಇರುವ ಕಡ್ಡಿ) ಎಲ್ಲಕ್ಕಿಂತ ಕೊನೆಗೆ ಅಂಟಿಸಿ. ಪ್ಲಾಸ್ಟಿಕ್‌ನದ್ದು ಮುರಿದರೆ ಅದೇ ದಪ್ಪದ ಹೊಲಿಗೆ ಸೂಜಿಯನ್ನು ಅಳತೆಗೆ ಕತ್ತರಿಸಿ, ಮೊಂಡು ತುದಿ ಹೊರಗಿಟ್ಟು ಕೂರಿಸಿ. ಮಕ್ಕಳಿರುವ ಮನೆಯಾದರೆ ಶೆಲ್ಫಿನ ಮೇಲಿನ ಹಲಗೆಯಲ್ಲಿಡಿ.