ಯಾರೂ ಔಟ್ ಆಗದ ಆಟಗಳು

ಮನೆಯೊಳಗಿನ ಆಟ ಕೆಡುವುದು ಜಾಗ ಸಾಲದ್ದಕ್ಕಲ್ಲ, ಔಟ್ ಆದ ಮಗುವಿಗೆ ಕೆಲಸ ಇಲ್ಲದ್ದಕ್ಕೆ. ಮೈದಾನದಲ್ಲಿ ಔಟ್ ಆದವನು ಮರದ ಕೆಳಗೆ ಕೂರುತ್ತಾನೆ, ಮಣ್ಣು ಕೆದಕುತ್ತಾನೆ, ನಾಯಿಮರಿಯ ಹಿಂದೆ ಹೋಗುತ್ತಾನೆ. ಹತ್ತಕ್ಕೆ ಹನ್ನೆರಡು ಅಡಿಯ ಹಾಲಿನಲ್ಲಿ ಅವನು ಎಲ್ಲಿಗೆ ಹೋಗಬೇಕು? ಸೋಫಾ ಹತ್ತಿ ಕುಣಿಯುತ್ತಾನೆ, ಆಡುತ್ತಿರುವವರ ಕಾಯಿ ಕದಲಿಸುತ್ತಾನೆ, ಕೊನೆಗೆ ಟಿವಿಯ ರಿಮೋಟ್ ಹುಡುಕುತ್ತಾನೆ. ಮೊದಲು ಔಟ್ ಆಗುವುದು ಸಾಮಾನ್ಯವಾಗಿ ಎಲ್ಲರಿಗಿಂತ ಚಿಕ್ಕ ಮಗು. ಆಟದ ಆಸೆ ಎಲ್ಲರಿಗಿಂತ ಹೆಚ್ಚಿರುವುದೂ ಅದಕ್ಕೇ.

ಗಿರಿನಗರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿ ಪೂರ್ತಿ ಕಾರುಗಳ ಪಾಲಾಗಿದೆ. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ತಾರಸಿಯ ಮೇಲೆ ಕಾಲಿಡಲಾಗದು. ಬಿಸಿಲು ಇಳಿಯಿತು ಎನ್ನುವಷ್ಟರಲ್ಲಿ ಮೇ ತಿಂಗಳ ಗುಡುಗು ಮಳೆ. ಹಾಗಾಗಿ ರಜೆಯ ಮಧ್ಯಾಹ್ನಗಳಲ್ಲಿ ಅಕ್ಕಪಕ್ಕದ ಮನೆಗಳ ಮಕ್ಕಳೆಲ್ಲ ನಮ್ಮ ಹಾಲಿನಲ್ಲಿ ಸೇರುತ್ತಾರೆ. ನಾಲ್ಕು ವರ್ಷದ ಮಗುವೂ ಇರುತ್ತದೆ, ಮೀಸೆ ಚಿಗುರುತ್ತಿರುವ ಹುಡುಗನೂ ಇರುತ್ತಾನೆ. ಆಟ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಲ್ಲಿ ಸೋತ ಮಗು ಮುಂದಿನ ಐದು ನಿಮಿಷ ಏನು ಮಾಡುತ್ತದೆ?

ಈ ಪ್ರಶ್ನೆಗೆ ಚೌಕಾಬಾರ ಕೊಡುವಷ್ಟು ಒಳ್ಳೆಯ ಉತ್ತರವನ್ನು ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ. ಐದಕ್ಕೆ ಐದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೋ ಅಷ್ಟು ಮನೆ ನಡೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಈ ಎರಡರಲ್ಲಿ ಯಾವುದು ಬಿದ್ದರೂ ಇನ್ನೊಂದು ಗರ ಹಾಕಬಹುದು. ಹೊರಸುತ್ತಿನ 16 ಮನೆ ಮುಗಿಸಿ, ಒಳಸುತ್ತಿನ 8 ಮನೆಗಳನ್ನು ಎದುರು ದಿಕ್ಕಿನಲ್ಲಿ ಸುತ್ತಿ, ನಡುಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಎದುರಾಳಿಯ ಕಾಯಿ ಅದೇ ಮನೆಗೆ ಬಂದು ಕಡಿದರೆ ಕಾಯಿ ಸಾಯುವುದಿಲ್ಲ, ತಾನು ಮೊದಲು ಹೊರಟ ಕಟ್ಟೆ ಮನೆಯಿಂದ ಮತ್ತೆ ಹೊರಡುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ನಿಯಮವಿದೆಯಲ್ಲ, ಆಟದ ಜೀವ ಇರುವುದು ಅದರಲ್ಲಿ. ಎಲ್ಲರಿಗಿಂತ ಮುಂದೆ ಓಡಿದವನು ಹೊರಸುತ್ತಿನಲ್ಲೇ ಮತ್ತೊಂದು ಸುತ್ತು ಬರಬೇಕಾಗುತ್ತದೆ, ಹಿಂದುಳಿದವರ ಕೈಗೆ ಸಿಗುತ್ತಾನೆ. ಮುಕ್ಕಾಲು ಆಟ ಸೋತಿದ್ದ ಆರು ವರ್ಷದ ಹುಡುಗಿ ಒಂದು ಬಾರ ಹಾಕಿ ದೊಡ್ಡವನ ಕಾಯಿ ಕಡಿದಾಗ ಮನೆ ಹಾರಿಹೋಗುವಂತೆ ಕಿರುಚುತ್ತಾಳೆ. ಆ ಕಿರುಚಾಟವನ್ನು ನಾನು ತಡೆಯುವುದಿಲ್ಲ.

ಶುರು ಮಾಡುವ ಮೊದಲು ನಿಯಮಗಳನ್ನು ಗಟ್ಟಿಯಾಗಿ ಹೇಳಿಸುತ್ತೇನೆ. ಬೆಂಗಳೂರಿನ ಒಂದು ಕಟ್ಟಡದಲ್ಲಿ ಹಾಸನದವರು, ಹುಬ್ಬಳ್ಳಿಯವರು, ಮಂಗಳೂರಿನವರು ಎಲ್ಲರೂ ಇರುತ್ತಾರೆ, ಒಬ್ಬೊಬ್ಬರ ಅಜ್ಜಿಯದು ಒಂದೊಂದು ಕ್ರಮ. ಒಬ್ಬರ ಮನೆಯಲ್ಲಿ ಕಡಿದವರಿಗೆ ಇನ್ನೊಂದು ಗರ, ಇನ್ನೊಬ್ಬರ ಮನೆಯಲ್ಲಿ ಇಲ್ಲ. ಒಬ್ಬರಲ್ಲಿ ಜೋಡಿ ಕಾಯಿಗೆ ರಕ್ಷಣೆ, ಇನ್ನೊಬ್ಬರಲ್ಲಿ ಕಟ್ಟೆ ಮನೆಗೆ ಮಾತ್ರ. "ಇವತ್ತು ಯಾರ ಅಜ್ಜಿಯ ನಿಯಮ?" ಎಂದು ಕೇಳಿ ದಿನಕ್ಕೊಬ್ಬರದನ್ನು ಆಡಿಸುತ್ತೇನೆ. ಜಗಳ ಅರ್ಧಕ್ಕರ್ಧ ಇಳಿಯುತ್ತದೆ. ಸಂಜೆ ಮಕ್ಕಳು ಮನೆಗೆ ಹೋಗಿ ಊರಿಗೆ ಫೋನ್ ಮಾಡಿಸಿ ಅಜ್ಜಿಯಿಂದ ನಿಯಮ ಖಚಿತ ಮಾಡಿಕೊಂಡು ಬರುತ್ತಾರೆ.

ಕವಡೆ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಹುಣಸೆ ಬೀಜದ ಗರವೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದನ್ನು ಮಾಡುವುದೇ ಒಂದು ಮಧ್ಯಾಹ್ನದ ಕೆಲಸ. ಬೀಜದ ಒಂದು ಮಗ್ಗುಲನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ತೇಯಬೇಕು. ಮೊದಲು ಕಂದು ಸಿಪ್ಪೆ ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ನಡುವೆ ಸಾಸಿವೆಯಷ್ಟು ಬಿಳಿ ಕಾಣುತ್ತದೆ, ತೇಯುತ್ತಾ ಹೋದಂತೆ ಆ ಬಿಳಿ ಹರಡಿ ಇಡೀ ಮಗ್ಗುಲು ಚಪ್ಪಟೆಯಾಗುತ್ತದೆ. ಬೆರಳಿಗೆ ಬಿಸಿ ತಾಗುತ್ತದೆ. ಕಾದ ಬೀಜವನ್ನು ಪಕ್ಕದವರ ತೋಳಿಗೆ ಮುಟ್ಟಿಸಿ ಚುರುಕ್ಕೆನ್ನಿಸುವ ತುಂಟತನವನ್ನು ಯಾರೂ ಕಲಿಸಬೇಕಾಗಿಲ್ಲ, ಪ್ರತಿ ಮಗುವೂ ತಾನೇ ಕಂಡುಹಿಡಿಯುತ್ತದೆ. ನಯವಾದ ಟೈಲ್ಸ್ ಮೇಲೆ ಸೀಮೆಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹಳೆಯ ದೊಡ್ಡ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪಟ ಬರೆದು ರಟ್ಟಿಗೆ ಅಂಟಿಸಿಟ್ಟರೆ ಆಟ ಮುಗಿಯದಿದ್ದಾಗ ಕಾಯಿಗಳ ಸಮೇತ ಮಂಚದ ಕೆಳಗೆ ತಳ್ಳಿಡಬಹುದು.

ನಾಲ್ಕೈದು ವರ್ಷದವರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ನಾನು ಅದಕ್ಕೆ ಸ್ವಲ್ಪ ಸೇರಿಸಿದ್ದೇನೆ. ಚಿಕ್ಕವರಿಗೆ ಕಾಯಿ ಇಲ್ಲದಿದ್ದರೂ ಅಧಿಕಾರ ಇರುತ್ತದೆ: ಗರ ಎಣಿಸಿ ಹೇಳುವುದು ಅವರೇ. ಅವರು ಎಣಿಸಿ ಹೇಳುವ ತನಕ ಯಾರೂ ಕಾಯಿ ಮುಟ್ಟುವಂತಿಲ್ಲ. ಹದಿಮೂರರ ಹುಡುಗ ನಾಲ್ಕರ ಮಗುವಿನ ಬಾಯನ್ನೇ ನೋಡುತ್ತಾ ಕೂರುವುದನ್ನು ನೋಡಬೇಕು.

ಮಕ್ಕಳು ಹೆಚ್ಚಿದ್ದ ದಿನ ಆಡು ಹುಲಿ ಆಟ. ಮೂರು ಹುಲಿ, ಹದಿನೈದು ಆಡು. ಹುಲಿ ಆಡಿನ ಮೇಲೆ ಹಾರಿ ಆಚೆಯ ಖಾಲಿ ಬಿಂದುವಿಗೆ ಹೋದರೆ ಆಡು ಸತ್ತಂತೆ. ಹುಲಿಗಳಿಗೆ ಅಲುಗಾಡಲೂ ಜಾಗವಿಲ್ಲದಂತೆ ಕಟ್ಟಿಹಾಕಿದರೆ ಆಡು ಗೆದ್ದಂತೆ. ಹದಿನೈದೂ ಆಡುಗಳನ್ನು ಇಟ್ಟು ಮುಗಿಯುವವರೆಗೆ ಯಾವ ಆಡೂ ನಡೆಯುವಂತಿಲ್ಲ. ಇದು ಇಬ್ಬರ ಆಟ ನಿಜ. ನಾನು ಹುಲಿಯನ್ನು ದೊಡ್ಡವನೊಬ್ಬನಿಗೆ ಕೊಟ್ಟು, ಆಡುಗಳನ್ನು ಉಳಿದವರಿಗೆಲ್ಲ ಹಂಚುತ್ತೇನೆ. ಅವರು ಅಡುಗೆಮನೆಗೆ ಹೋಗಿ ಪಿಸುಗುಟ್ಟಿ ನಿರ್ಧಾರ ಮಾಡಿ ಬಂದು ಒಂದೊಂದೇ ಆಡು ಇಡುತ್ತಾರೆ. ಅಳಗುಳಿ ಮಣೆಯನ್ನು ಗುಂಪಿಗೆ ಹೀಗೆ ಒಗ್ಗಿಸುವುದು ಕಷ್ಟ. ಇಬ್ಬರೇ ಉಳಿದ ಸಂಜೆಗೆ ಅದು ಸರಿ.

ಕುರ್ಚಿ ಸುತ್ತುವ ಆಟವನ್ನು ಪತ್ರಿಕೆಯ ಹಾಳೆಗಳಿಗೆ ಬದಲಾಯಿಸಿದ್ದೇನೆ. ಪ್ರತಿ ಸಲ ಒಂದು ಹಾಳೆ ತೆಗೆಯುತ್ತೇನೆ, ಮಕ್ಕಳು ಯಾರೂ ಹೊರಗೆ ಹೋಗುವುದಿಲ್ಲ. ಚಪ್ಪಾಳೆ ನಿಂತಾಗ ಎಲ್ಲರೂ ಉಳಿದ ಹಾಳೆಗಳ ಮೇಲೆಯೇ ನಿಲ್ಲಬೇಕು. ಕೊನೆಗೆ ಒಂದೇ ಹಾಳೆ ಉಳಿದಾಗ ಚಿಕ್ಕವರು ದೊಡ್ಡವರ ಬೆನ್ನೇರುತ್ತಾರೆ. ಮೇಲಿಂದ ಮೇಲೆ ಗೆಲ್ಲುತ್ತಿದ್ದವರಿಗೆ ಇದು ಮೊದಮೊದಲು ಸಪ್ಪೆ ಎನಿಸುತ್ತದೆ, ಎರಡನೆಯ ಸುತ್ತಿಗೆ ಒಗ್ಗಿಕೊಳ್ಳುತ್ತಾರೆ.

ಮಧ್ಯಾಹ್ನ ಎರಡರಿಂದ ನಾಲ್ಕು ಕೆಳಗಿನ ಮನೆಯ ಹಿರಿಯರು ಮಲಗುವ ಹೊತ್ತು. ಕುಂಟೆಬಿಲ್ಲೆ, ಓಟ ಯಾವುದೂ ಆಗ ಇಲ್ಲ. ಮಸಾಲೆ ಡಬ್ಬಿ ಹೊರಬರುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿ ಜೀರಿಗೆ, ಮೆಂತ್ಯ, ಇಂಗು, ಏಲಕ್ಕಿಗಳನ್ನು ಮೂಸಿ ಹೇಳಿಸುತ್ತೇನೆ. ಜೀರಿಗೆ ಮತ್ತು ಓಮದ ನಡುವೆ ಎಷ್ಟೋ ದೊಡ್ಡವರೇ ತಡವರಿಸುತ್ತಾರೆ. ಇದೆಲ್ಲ ಚಿಕ್ಕವರಿಗೆ ಎನ್ನುವ ವಯಸ್ಸಿನವರಿಗೆ ಚೌಕಾಬಾರದ ಪಟವನ್ನೇ ಕೊಟ್ಟು ಚದುರಂಗದ ಕುದುರೆಯನ್ನು ಮೂಲೆಯಿಂದ ಹೊರಡಿಸಿ, ಒಂದು ಮನೆಗೂ ಎರಡು ಸಲ ಹೋಗದೆ 25 ಮನೆಗಳನ್ನೂ ಮುಟ್ಟಲು ಹೇಳುತ್ತೇನೆ. ಅದು ಸಾಧ್ಯ. ಮೂಲೆಯ ಪಕ್ಕದ ಮನೆಯಿಂದ ಹೊರಟರೆ ಸಾಧ್ಯವೇ ಇಲ್ಲ. ಮನೆಗಳಿಗೆ ಕಪ್ಪು ಬಿಳುಪು ಬಣ್ಣ ಹಚ್ಚಿದರೆ ಮೂಲೆಯ ಬಣ್ಣದವು 13, ಇನ್ನೊಂದು ಬಣ್ಣದವು 12. ಕುದುರೆ ಪ್ರತಿ ನಡೆಗೂ ಬಣ್ಣ ಬದಲಿಸುತ್ತದೆ, ಆದ್ದರಿಂದ 13 ಇರುವ ಬಣ್ಣದಿಂದಲೇ ಹೊರಡಬೇಕು. ಕಾರಣವನ್ನು ನಾನಾಗಿ ಹೇಳುವುದಿಲ್ಲ, ಅವರೇ ಕೇಳುವ ತನಕ ಕಾಯುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರು ಅರಮನೆಯಲ್ಲಿ 64 ಮನೆಗಳ ಪಟದ ಮೇಲೆ ಇದೇ ಕುದುರೆ ನಡೆಯನ್ನು ಬಿಡಿಸುತ್ತಿದ್ದರು ಎಂದು ತಿಳಿದ ಮೇಲೆ ಒಬ್ಬ ಹುಡುಗ ಪೆನ್ಸಿಲ್ ಕೆಳಗಿಡಲೇ ಇಲ್ಲ.

ಕ್ರಿಸ್‌ಮಸ್ ರಜೆಗೆ ಅವರೆಕಾಯಿ ಬಂದಿರುತ್ತದೆ. ಹಿತಕಿದ ಬೇಳೆಗೆ ಕಾಳನ್ನು ನೀರಿನಲ್ಲಿ ನೆನೆಸಿಟ್ಟು ಮಕ್ಕಳ ಮುಂದೆ ಇಡುತ್ತೇನೆ. ಎರಡು ಬೆರಳಿನ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಪಕ್ಕನೆ ಜಿಗಿಯುತ್ತದೆ. ಅದನ್ನು ಒಂದು ಅಡಿ ದೂರದ ಪಾತ್ರೆಗೆ ಗುರಿಯಿಟ್ಟು ಹಾರಿಸಬೇಕು. ಪಾತ್ರೆಯೂ ಎಲ್ಲರದು, ಸಾರೂ ಎಲ್ಲರದು.

ಬೀಜಗಳ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಪುಟ್ಟ ಮಕ್ಕಳು ಬೀಜವನ್ನು ಮೂಗಿಗೋ ಕಿವಿಗೋ ತೂರಿಸಿಕೊಳ್ಳುತ್ತವೆ, ನುಂಗಲು ಹೋಗಿ ಉಸಿರು ಕಟ್ಟುತ್ತದೆ. ಮೂರು ವರ್ಷದೊಳಗಿನ ಮಗು ಬಂದರೆ ಬೀಜ, ಕವಡೆ ಎಲ್ಲ ಅಟ್ಟಕ್ಕೆ. ಅಳಗುಳಿ ಮಣೆಗೆ ಹಿಂದೆ ಬಳಸುತ್ತಿದ್ದ ಗುಲಗಂಜಿ ನೋಡಲು ಎಷ್ಟು ಚೆಂದವೋ ಅಷ್ಟು ವಿಷ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಅದನ್ನು ಮನೆಯೊಳಗೆ ತರುವುದೇ ಇಲ್ಲ. ಉಳಿದ ಬೀಜಗಳನ್ನು ಆಟಕ್ಕೆ ಮೊದಲೂ ಆಟದ ನಂತರವೂ ಎಣಿಸಿ ಡಬ್ಬಿಗೆ ಹಾಕುತ್ತೇವೆ. ಎಣಿಸುವ ಕೆಲಸ ಆ ದಿನ ಕೊನೆಗೆ ಬಂದವರದು, ಡಬ್ಬಿಯ ಮುಚ್ಚಳ ಹಾಕುವ ಹಕ್ಕೂ ಅವರದೇ.